ಅವಳ ದನಿ ನಮ್ಮ ಮಾವಂದು

ಸ್ವಲ್ಪ ತಡ್ಕಳ್ರಿ. ವಿಮಾನದ ಚಿತ್ರಕ್ಕೆ ಬರ್ತೀನಿ, ಆ ಹುಡುಗಿ ಹುಲ್ಲಿನ ಮ್ಯಾಲೆ ಬಿಳಿ ಬಟ್ಟೆ ಹಾಸೋ ಜಾಗಕ್ಕೂ ಬರ್ತೀನಿ. ಅದನ್ನ ಬರೀಬೇಕಂತಲೇ ಕುಂತಿರೋದು. ಆದ್ರೆ ಮೊದ್ಲು ನಮ್ಮ ಸೋದರಮಾವನ ವಿಷ್ಯ ಹೇಳ್ದಿದ್ರೆ ಏನೂ ತಿಳಿಯಲ್ಲ.

ಈಗ ಚಿತ್ರಗಳೇ ಮಾತಾಡ್ತವೆ. ಆಗೆಲ್ಲ ಮೂಕಿ. ತೆರೆ ಮ್ಯಾಲೆ ಬಾಯಿ ಆಡೋದು, ದನಿ ಇರ್ತಿರಲಿಲ್ಲ. ನಡುನಡುವೆ ಇಂಗ್ಲಿಷ್ ಅಕ್ಷರ ಬಂದು ಹೋಗೋವು, ಅವನ್ನ ಓದೋರು ಅಮಲ್ದಾರ್ರು, ಮೇಷ್ಟ್ರು ಬಿಟ್ರೆ ಯಾರಿದ್ರು? ಅದಕ್ಕೆ ಟೆಂಟಿನೋರು ತೆರೆ ಪಕ್ಕ ಕತೆ ಹೇಳೋಕೆ ಒಬ್ಬರನ್ನ ನಿಲ್ಲಿಸ್ತಿದ್ರು. ಚಿತ್ರದಾಗಿನ ಗಂಡಸು, ಹೆಂಗಸು, ಪೊಲೀಸು, ಎಲ್ಲರ ಮಾತೂ ಅವರೇ ಆಡ್ಬೇಕು. ದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸುತ್ತೋ ಟೆಂಟಿನಾಗೆ ಆ ಕೆಲ್ಸ ನಮ್ಮ ಮಾವಂದು.

ಮಾವ ಹಿರೇಗುಂಟನೂರಿನೋರು. ವಯಸ್ಸಿನಾಗೆ ನಾಟಕ ಕಂಪನೀಲಿ ಹೆಣ್ಣು ಪಾತ್ರ ಮಾಡ್ತಿದ್ರು. ಹೊಟ್ಟೆ ಬಂತು, ತಲೆಗೂದ್ಲು ಹೋಯ್ತು. ಕಂಪನಿ ಮಾಲೀಕ ಸೀರೆ ಬಿಚ್ಚಿಸಿ ಬಾಗ್ಲು ಕಾಯೋಕೆ ನಿಲ್ಲಿಸ್ದ. ಮಾವ ಬಿಟ್ಟು ಬಂದ್ರು. ದನಿ ಮಾತ್ರ ಹಂಗೇ ಇತ್ತು. ಕಣ್ಣು ಮುಚ್ಚಿ ಕೇಳಿದ್ರೆ ಹದಿನೆಂಟರ ಹುಡುಗೀನೇ.

ವಿಮಾನದ ಚಿತ್ರದ ಆ ನಟೀನ ನಾವು ಮೊದ್ಲು ನೋಡಿದಾಗ ಅವಳು ಚಾ ತಟ್ಟೆ ಹಿಡ್ಕಂಡು ಬರೋ ಕೆಲಸದೋಳು. ಮನೆಯೊಡತಿ ಕುರ್ಚಿ ಮ್ಯಾಲೆ ಬಿದ್ದು ಅಳ್ತಾ ಇರ್ತಾಳೆ, ಇವಳು ತಟ್ಟೆ ಇಟ್ಟು ಒಂದು ಸಲ ನೋಡಿ ಹೋಗ್ತಾಳೆ, ಅಷ್ಟೇ. ಅವಳಿಗೆ ಮಾತೇ ಇಲ್ಲ. ಆದ್ರೆ ಮಾವ ಬಿಡ್ಬೇಕಲ್ಲ. "ಅಮ್ಮೋರೇ, ಚಾ ಆರೋಗ್ತದೆ, ಕುಡ್ದು ಆಮ್ಯಾಲೆ ಅಳ್ರಿ" ಅಂದ್ಬಿಟ್ರು. ಟೆಂಟೆಲ್ಲ ನಗು. ಒಡತಿ ಯಾರಂತ ಈಗ ಯಾರಿಗೂ ನೆನಪಿಲ್ಲ, ಚಾ ತಂದೋಳು ನೆನಪಿದಾಳೆ.

ಆಮ್ಯಾಲೆ ಅವಳು ಬೆಳೆದ್ಲು. ನಾಯಕಿ ತಂಗಿ ಆದ್ಲು, ಗಂಡಸಿನ ಟೋಪಿ ಇಟ್ಕಂಡು ನಗಿಸಿದ್ಲು, ಕೊನೆಗೆ ಅವಳೇ ನಾಯಕಿ. ನಾನಂತೂ ಹುಚ್ಚನಾಗಿದ್ದೆ. ಅವಳ ಮಾತು ಓದ್ಬೇಕಂತಲೇ ಹಳೇ ಡಿಕ್ಷನರಿ ಇಟ್ಕಂಡು ನನಗೆ ನಾನೇ ಇಂಗ್ಲಿಷ್ ಕಲ್ತೆ. ಕಲ್ತು ನೋಡಿದ್ರೆ ಮಾವ ಹೇಳೋದರಲ್ಲಿ ಮುಕ್ಕಾಲು ಅಲ್ಲಿರ್ತಿರಲಿಲ್ಲ. ಒಂದಿನ ಕೇಳೇಬಿಟ್ಟೆ: ಮಾವ, ಅಲ್ಲಿ 'ಇಲ್ಲ' ಅಂತ ಅಷ್ಟೇ ಐತೆ, ನೀವು ಅಷ್ಟುದ್ದ ಹೇಳಿದ್ರಲ್ಲ?

"ಅಷ್ಟು ಕಣ್ಣೀರಿಗೆ ಒಂದು 'ಇಲ್ಲ' ಸಾಕೇನಲೇ ಅಳಿಯ?" ಅಂದ್ರು.

ವಿಮಾನದ ಚಿತ್ರ ಬಂದಿದ್ದು ಹೊಳಲ್ಕೆರೆಗೆ. ದೊಡ್ಡ ಯುದ್ಧದ ಕತೆ. ವಿಮಾನ ಕಣ್ಣಾರೆ ಕಂಡೋರು ನಮ್ಮಾಗೆ ಯಾರೂ ಇರಲಿಲ್ಲ. ದುರ್ಗದ ಬೆಟ್ಟದ ಮ್ಯಾಲೆ ಹದ್ದು ಸುತ್ತೋದು ನೋಡೀರಲ್ಲ, ಅದರ ಹೊಟ್ಟೆಯಾಗೆ ಮನುಷ್ಯ ಕುಂತಾನೆ ಅನ್ಕಳ್ರಿ ಅಂತ ಮಾವ ಶುರು ಮಾಡಿದ್ರು. ಸೈಕಲ್ ಶಾಪಿನೋನು ಸೈಕಲ್ ತಲೆಕೆಳಗೆ ನಿಲ್ಲಿಸಿ, ಚಕ್ರ ತಿರುಗ್ಸಿ, ಕಡ್ಡಿಗಳಿಗೆ ರಟ್ಟು ಹಿಡಿದು ವಿಮಾನದ ಸದ್ದು ಮಾಡ್ತಿದ್ದ. ವಿಮಾನ ನೇರ ನಮ್ಮ ಮ್ಯಾಲೆ ಎರಗಿದಾಗ ಮುಂದೆ ನೆಲದ ಮ್ಯಾಲಿದ್ದ ಕುರಿಗಾಹಿಯೊಬ್ಬ ಕಂಬ್ಳಿ ತಲೆ ಮ್ಯಾಲೆ ಎಳ್ಕಂಡ. ನಿನ್ನ ಕುರಿಗಳೇ ವಾಸಿ ಕಣ್ಲಾ ಅಂತ ಪಕ್ಕದೋನು ರೇಗ್ಸಿದ. ರೇಗ್ಸಿದೋನೂ ಬಗ್ಗಿಕೊಂಡೇ ಇದ್ದ.

ಅದರಾಗೆ ಅವಳು ಯುದ್ಧದ ಆಸ್ಪತ್ರೆ ನರ್ಸು. ದಿನಾ ಸಂಜೆ ಮೈದಾನದಾಗೆ ಹಾಸಿಗೆಯ ಬಿಳಿ ಬಟ್ಟೆಗಳನ್ನ ಹಾಸ್ತಾಳೆ, ಎಲ್ಲಿ ಇಳೀಬೇಕಂತ ವಿಮಾನದೋರಿಗೆ ಕಾಣ್ಲಿ ಅಂತ. ಅವಳ ಹುಡುಗ ಇಳಿದ ಮ್ಯಾಲೆ ಇಬ್ಬರೂ ಸೇರಿ ಬಟ್ಟೆ ಮಡಚ್ತಾರೆ. ಮಾವ ಅವರಿಬ್ಬರ ಕೈಲೂ ಚೆನ್ನಾಗಿ ಮಾತಾಡ್ಸಿದ್ರು, ಮಡಚೋಕೆ ಬರಲ್ಲ ನಿಂಗೆ ಅಂತ ಅವಳು ಬೈಯೋದೂ ಸೇರಿ. ಒಂದು ಸಂಜೆ ಅವನ ವಿಮಾನ ಬರಲ್ಲ. ಕತ್ತಲಾಗ್ತದೆ. ಅವಳು ಬಟ್ಟೆ ತೆಗೆಯಲ್ಲ, ಅದರ ಅಂಚಿನಾಗೆ ಕುಂತ್ಕಂಡು ಮ್ಯಾಲೆ ನೋಡ್ತಾಳೆ.

ಮಾವ ಸುಮ್ನಾಗ್ಬಿಟ್ರು.

ನಿದ್ದೆ ಬಂತೇನಪ್ಪ ಅಂತ ಬೆಂಚಿನಿಂದ ಯಾರೋ ಕೂಗಿದ. ಹೆಂಗಸರಿಗಂತ ಕಟ್ಟಿದ್ದ ಪರದೆ ಆಚೆಯಿಂದ ಮೂಗು ಸೇದೋ ಸದ್ದು ಬಂತು, ಅವನೂ ಸುಮ್ನಾದ. ಸೈಕಲ್ ಚಕ್ರಾನೂ ನಿಂತಿತ್ತು. ಆಮ್ಯಾಲೆ ಯಾಕಂತ ಕೇಳಿದ್ದಕ್ಕೆ ಮಾವ, "ಅವಳೇ ಹೇಳ್ತಿದ್ಲಲ್ಲೋ, ನಡುವೆ ನಾನ್ಯಾಕೆ" ಅಂದ್ರು.

ಒಂದೆರಡು ವರ್ಷಕ್ಕೆ ಮಾತಾಡೋ ಚಿತ್ರ ಬಂತು. ಟೆಂಟಿನ ಸಾವ್ಕಾರ್ರು ಒಳ್ಳೇ ಮನುಷ್ಯರೇ, ಮಾವನ್ನ ಕರ್ದು, ಬಾಗ್ಲಾಗೆ ಟಿಕೀಟು ಹರೀರಿ ಅಂದ್ರು. ಮತ್ತೆ ಬಾಗ್ಲು. ಆ ವಾರ ಮಾವ ಮನೇಲಿ ಸರಿಯಾಗಿ ಊಟ ಮಾಡ್ಲಿಲ್ಲ.

ಅವಳು ಮಾತಾಡಿದ ಮೊದಲ್ನೇ ಚಿತ್ರ ನಾವು ನೋಡಿದ್ದು ಹೊಸದುರ್ಗದಾಗೆ. ಅವಳು ಬಾಯಿ ತೆಗೆದ್ಲು. ದಪ್ಪ ದನಿ, ಸ್ವಲ್ಪ ಒಡಕು, ಅದೂ ಇಂಗ್ಲಿಷು. ಜನ ಒಪ್ಪಲಿಲ್ಲ. ಇದು ಅವಳ ದನೀನೇ ಅಲ್ಲ, ಹಿಂದೆ ಯಾರೋ ಮಾತಾಡ್ತಾವ್ರೆ, ನಮ್ಮೋರನ್ನ ಕರೀರಿ ಅಂತ ಗಲಾಟೆ. ಸಾವ್ಕಾರ್ರು ಬಾಗ್ಲಿಗೆ ಓಡಿ ಬಂದ್ರು. ಮಿಷನ್ನಿನ ದನಿ ನಿಲ್ಲಿಸ್ತೀನಿ, ನೀವೇ ಹೇಳ್ರಿ, ಇನ್ಮ್ಯಾಲೆ ಬಾಗ್ಲ ಕಡೆ ಬರೋದೇ ಬ್ಯಾಡ ಅಂದ್ರು.

ಮಾವ ಒಳಗೆ ಹೋಗಿ ತೆರೆ ಪಕ್ಕ ತಮ್ಮ ಹಳೇ ಜಾಗದಾಗೆ ನಿಂತ್ರು. ಜನ ಸಿಳ್ಳೆ ಹೊಡೆದ್ರು. ಮಾವ ಜನದ ಕಡೆ ನೋಡ್ಲೇ ಇಲ್ಲ, ಅವಳ ಮುಖಾನೇ ನೋಡ್ತಿದ್ರು. ಆಮ್ಯಾಲೆ ತಿರುಗಿ, "ಇಷ್ಟು ವರ್ಷ ನಾನೇ ಮಾತಾಡ್ದೆ. ಅವಳ ದನಿ ಹೆಂಗೈತೆ ಅಂತ ನನಗೂ ಇವತ್ತೇ ಗೊತ್ತಾಗಿದ್ದು. ಕುಂತ್ಕಳ್ರಿ, ಕೇಳಾಣ" ಅಂದು ನೆಲದ ಮ್ಯಾಲೆ ನನ್ನ ಪಕ್ಕ ಬಂದು ಕುಂತ್ರು. ನಡುವೆ ಒಂದೇ ಸಲ, ಏನಂದ್ಲು ಅಂತ ಕೇಳಿದ್ರು. ಹೇಳ್ದೆ. ತಲೆ ಆಡಿಸಿದ್ರು.

ಈಗ್ಲೂ ಮಾವ ಬಾಗ್ಲಾಗೆ ಟಿಕೀಟು ಹರೀತಾರೆ. ಅವಳ ಚಿತ್ರ ಬಂದ್ರೆ ಮಾತ್ರ ಬಾಗ್ಲು ಬೇರೆಯೋರಿಗೆ ಬಿಟ್ಟು ಒಳಗೆ ಬರ್ತಾರೆ. ನನಗಂತೂ ಅವಳು ಬಾಯಿ ತೆಗೆದಾಗೆಲ್ಲ ಇವತ್ತಿಗೂ ಮೊದ್ಲು ಕೇಳೋದು ಮಾವನ ದನೀನೇ, ಅವಳ ದನಿ ಆಮ್ಯಾಲೆ.

ನಿಮ್ಮೂರ ಟೆಂಟಿನಾಗೆ ಕತೆ ಹೇಳ್ತಿದ್ದೋರು ಯಾರು? ಅವಳ ಬಾಯಲ್ಲಿ ಏನೇನು ಮಾತಾಡ್ಸಿದ್ರು? ನೆನಪಿದ್ರೆ ಬರೀರಿ, ಮಾವಂಗೆ ಓದಿ ಹೇಳ್ತೀನಿ.