ಮೂವತ್ತು ಸಲ ಅತ್ತ ಆಯಮ್ಮ

ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ ನೆಲ ಒರೆಸಿದ ಆಯಮ್ಮನಿಗೆ ಒಂದು ಮಧ್ಯಾಹ್ನ ಹೊಸ ಕೆಲಸ ಬಂತು: ಅಳುವುದು. ಮಾದಕ ಚಟ ಹತ್ತಿದವರನ್ನು ಹೇಗೆ ನೋಡಿಕೊಳ್ಳಬೇಕೆಂದು ಡಾಕ್ಟರುಗಳಿಗೆ ತರಬೇತಿ, ಊಟವೂ ಸೇರಿ ಅರ್ಧ ದಿನ. ನಿಜವಾದ ಚಟದವರು ಬಂದರೆ ಹೊಸ ಕುರ್ಚಿ ಕೊಳೆಯಾದೀತೆಂದು, ಅವಳನ್ನೇ ಚಟದವನ ಅಕ್ಕನೆಂದು ಕೂರಿಸಿದರು.

ಮೂವತ್ತು ಮಂದಿ ಡಾಕ್ಟರುಗಳು ಒಬ್ಬರಾದ ಮೇಲೊಬ್ಬರು ಚೀಟಿ ನೋಡಿಕೊಂಡು, ಬೆಣ್ಣೆಯಿಂದ ಕೂದಲು ತೆಗೆದಂತೆ ಕೇಳಿದರು: “ಕೂತ್ಕೊಳ್ಳಿ ಅಮ್ಮ. ಇದು ಕಾಯಿಲೆ, ತಪ್ಪಲ್ಲ. ಕೊನೇ ಸಲ ಯಾವಾಗ ತಗೊಂಡ್ರು?”

ಮೂವತ್ತು ಸಲವೂ ಆಯಮ್ಮ ಅತ್ತಳು. “ಏನು ಅಭಿನಯ!” ಎಂದು ದೊಡ್ಡ ಡಾಕ್ಟರು ಚಪ್ಪಾಳೆ ತಟ್ಟಿದರು. ಅವಳು ಎತ್ತಿ ಆಡಿಸಿದ ತಮ್ಮ, ಕಾಲು ಮುರಿದಾಗ ಡಾಕ್ಟರೊಬ್ಬರೇ ಶುರುಮಾಡಿಸಿದ ನೋವಿನ ಇಂಜೆಕ್ಷನ್ ಬಿಡಲಾರದೆ ಮನೆಯಲ್ಲಿ ಬಿದ್ದಿದ್ದಾನೆಂದು ಅವರಿಗೇನು ಗೊತ್ತು? ನಾಚಿಕೆಗೆ ಬಾಯಿ ಹೊಲಿದುಕೊಂಡಿದ್ದವಳಿಗೆ, ‘ಕಾಯಿಲೆ, ತಪ್ಪಲ್ಲ’ ಎಂಬ ಮಾತು ಮೂವತ್ತು ಸಲ ಕೇಳಿ ಧೈರ್ಯ ಬಂತು.

ಮಾರನೆಯ ಬೆಳಿಗ್ಗೆಯೇ ತಮ್ಮನನ್ನು ಕರೆತಂದಳು. ಇಂಜೆಕ್ಷನ್ ಇಲ್ಲದೆ ಒಂದು ದಿನವಾಗಿ ಅವನ ಮೈಯೆಲ್ಲ ನಡುಗುತ್ತಿತ್ತು.

“ಅಕ್ಕಾ, ಇವತ್ತು ವಾಪಸ್ ಕಳಿಸಿದ್ರೆ ಇನ್ನೊಂದ್ಸಲ ಬರಲ್ಲ ನಾನು.”

ಒಳಗಿದ್ದವರು ತರಬೇತಿಯಲ್ಲಿ ಮೊದಲ ಬಹುಮಾನದ ಪೆನ್ನು ಗೆದ್ದ ಚಿಕ್ಕ ಡಾಕ್ಟರು. ತಮ್ಮನ ತೋಳಿನ ಸೂಜಿ ಗುರುತು ಕಂಡದ್ದೇ ಕುರ್ಚಿ ಹಿಂದಕ್ಕೆಳೆದರು. “ಕೊಬ್ಬು ಹೆಚ್ಚಾದ್ರೆ ಹೀಗೇ. ನಾಲ್ಕು ಬಾರಿಸಿ, ಸರಿಹೋಗ್ತಾನೆ. ಮುಂದಿನವರು ಬನ್ನಿ!”

“ನಾಲ್ಕಲ್ಲ ಡಾಕ್ಟ್ರೇ, ನಲವತ್ತು ಬಾರಿಸಿದ್ದಾಯ್ತು. ಮೂರು ಪೊರಕೆ ಮುರಿದ್ವು, ಚಟ ಮುರೀಲಿಲ್ಲ.”

ತಮ್ಮ ಆಗಲೇ ಬಾಗಿಲ ಕಡೆ ತಿರುಗಿದ್ದ. ಆಯಮ್ಮ ಅವನ ರಟ್ಟೆ ಹಿಡಿದು ನಿಲ್ಲಿಸಿದಳು.

“ನಿನ್ನೆ ನೀವೇ ಕಾಯಿಲೆ ಅಂದ್ರಲ್ಲ?”

“ಅದು ತರಬೇತಿ ಕಣಮ್ಮಾ!”

“ಹೌದಾ? ನಾನು ನಿನ್ನೇದು ನಿಜ, ಇವತ್ತಿಂದೇ ನಾಟಕ ಅಂದ್ಕೊಂಡೆ.”

ಹೊರಗೆ ಸಾಲಿನಲ್ಲಿ ನಿಂತವರು ಗೊಳ್ಳೆಂದರು. ಡಾಕ್ಟರ ಮುಖ ಕೆಂಪಾಯಿತು. ಚೀಟಿಗಾಗಿ ಜೇಬು ತಡಕಿದರು. ನಿನ್ನೆಯ ಕೋಟು ಒಗೆಯಲು ಹೋಗಿತ್ತು.

“ಮೊದಲು ‘ಕೂತ್ಕೊಳ್ಳಿ’ ಅನ್ನಿ,” ಎಂದು ಆಯಮ್ಮನೇ ಹೇಳಿಕೊಟ್ಟಳು.

“ಕೂತ್ಕೊಳ್ಳಿ,” ಎಂದರು ಡಾಕ್ಟರು, ಮಗ್ಗಿ ಒಪ್ಪಿಸುವವರಂತೆ. “ಇದು ಕಾಯಿಲೆ, ತಪ್ಪಲ್ಲ. ಕೊನೇ ಸಲ ಯಾವಾಗ ತಗೊಂಡ್ರಿ?”

“ನಿನ್ನೆ ಬೆಳಿಗ್ಗೆ,” ಎಂದ ತಮ್ಮ. ಡಾಕ್ಟರು ಆಗ ಮೊದಲ ಸಲ ಅವನ ಮುಖ ನೋಡಿದರು. ಆಮೇಲೆ ಆಯಮ್ಮನ ಕಡೆ ತಿರುಗಿ ಮೆಲ್ಲಗೆ ಕೇಳಿದರು, “ಮುಂದೇನು?”

“ಚೀಟೀಲಿ ಅಷ್ಟೇ ಇದ್ದಿದ್ದು ಡಾಕ್ಟ್ರೇ. ಆಮೇಲೆ ನೀವೆಲ್ಲ ಊಟಕ್ಕೆ ಎದ್ರಿ.”

ಚಿಕ್ಕ ಡಾಕ್ಟರು ಫೋನೆತ್ತಿ, ಯಾವ ಔಷಧಿ ಕೊಡಬೇಕೆಂದು ದೊಡ್ಡ ಡಾಕ್ಟರನ್ನು ಕೇಳಿದರು. ಗೆದ್ದ ಪೆನ್ನಿನಲ್ಲೇ ಬರೆದುಕೊಂಡು, ತಮ್ಮನಿಗೆ ವಾರ್ಡಿನ ಮೂಲೆಯ ಹಾಸಿಗೆ ಕೊಡಿಸಿದರು.

“ನಿನ್ನನ್ನೇ ಡಾಕ್ಟ್ರು ಮಾಡ್ಬೇಕಿತ್ತು ಅಕ್ಕಾ,” ಎಂದ ತಮ್ಮ, ಹಲ್ಲು ಕಟಕಟಿಸುತ್ತಲೇ.

“ಬಾಯ್ಮುಚ್ಕೊಂಡು ಮಲ್ಕೋ. ಆಮೇಲೆ ನೆಲ ಒರೆಸೋರ್ಯಾರು?”