ಸದ್ದಿಲ್ಲದೆ ಇಳಿಯುತ್ತಿದ್ದ ಬಸ್ಸು

ನಮ್ಮೂರಿನ ಜನ ದೇವರಿಗೆ ಕೈ ಮುಗಿಯುತ್ತಿದ್ದರು ನಿಜ. ಆದರೆ ಬೆನ್ನು ಬಗ್ಗಿಸುತ್ತಿದ್ದದ್ದು ಬಸ್ಸಿನ ಡ್ರೈವರಿಗೆ. ಅರವತ್ತರ ದಶಕದ ಮಾತು ಇದು. ಬೆಳಿಗ್ಗೆ ತೀರ್ಥಹಳ್ಳಿ ಬಿಟ್ಟು, ಕೋಣಂದೂರಿನಲ್ಲಿ ಕಾಫಿಗೆ ನಿಂತು, ನಮ್ಮೂರಿನ ಮೇಲೆ ಹಾದು ಹೊಸನಗರ, ಸಾಗರ ಸೇರುವ ಖಾಸಗಿ ಬಸ್ಸು. ಸಂಜೆ ಅದೇ ಬಸ್ಸು ಅದೇ ದಾರಿಯಲ್ಲಿ ವಾಪಸ್ಸು. ಅದನ್ನು ಬಿಟ್ಟರೆ ಎತ್ತಿನ ಗಾಡಿ, ಇಲ್ಲವೇ ಕಾಲು. ಹಾಗಾಗಿ ಆ ಸ್ಟೇರಿಂಗ್ ಹಿಡಿದವನು ನಮ್ಮ ಪಾಲಿಗೆ ಮಹಾರಾಜ. ಬಾಣಂತಿಗೆ ಬ್ರೆಡ್ಡು, ಮುದುಕರಿಗೆ ಟಾನಿಕ್ಕು, ಲಾಟೀನಿಗೆ ಗಾಜು, ಎಲ್ಲ ಅವನೇ ಸಾಗರದಿಂದ ತಂದುಕೊಡಬೇಕು. ಮೊದಲ ಹಲಸಿನ ಹಣ್ಣು ಅವನಿಗೆ, ಮೊದಲ ಬುಟ್ಟಿ ಮಾವಿನ ಮಿಡಿ ಅವನಿಗೆ. ಅವನ ಪಕ್ಕದ ಸೀಟಿನಲ್ಲಿ ಒಂದು ಸಲ ಕೂತು ಹೋದ ಗಂಡಸು ಅದನ್ನೇ ಹೇಳಿಕೊಂಡು ಊರೆಲ್ಲ ತಿರುಗುತ್ತಿದ್ದ. ಥೂ, ಈಗ ನೆನೆದರೂ ಮೈ ಉರಿಯುತ್ತದೆ.

ಅವನದೊಂದು ದೊಡ್ಡ ವಿದ್ಯೆ ಇತ್ತು. ನಮ್ಮೂರು ದಾಟಿದ ಮೇಲೆ ರಸ್ತೆ ಹೊಳೆಯ ಸೇತುವೆಯ ತನಕ ಇಳಿಯುತ್ತಲೇ ಹೋಗುತ್ತದೆ, ತಿರುವಿನ ಮೇಲೆ ತಿರುವು. ಇಳಿಜಾರಿನ ತಲೆಗೆ ಬಂದ ಕೂಡಲೇ ಈ ಮಹಾನುಭಾವ ಎಂಜಿನ್ ಬಂದ್ ಮಾಡಿ, ಗೇರು ತಪ್ಪಿಸಿ, ಬಸ್ಸನ್ನು ಸುಮ್ಮನೆ ಉರುಳಲು ಬಿಡುತ್ತಿದ್ದ. ಡೀಸೆಲ್ ಉಳಿಯುತ್ತದಂತೆ, ಧಣಿ ಬೆನ್ನು ತಟ್ಟುತ್ತಾರಂತೆ. ಒಳಗೆ ಕೂತವರಿಗೋ ಅದು ಬಿಟ್ಟಿ ಸರ್ಕಸ್ಸು. "ಎಂಜಿನ್ನೇ ಇಲ್ದೆ ಸೇತುವೆ ತನಕ ತರ್ತಾನೆ ಮಾರಾಯಾ, ಎಂತಾ ಕೈ ಅದು!" ಎಂದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಬ್ರೇಕು ಹಿಡಿಯದೆ ಹೋದರೆ ಎಂದು ಒಬ್ಬನೂ ಕೇಳಿದ್ದಿಲ್ಲ. ರಸ್ತೆಯಲ್ಲಿ ನಡೆಯುವವರ ವಿಚಾರವಂತೂ ಯಾರ ತಲೆಗೂ ಹೋಗಿರಲಿಲ್ಲ. ನಮ್ಮ ಕಡೆ ಜನ ರಸ್ತೆಯ ನಡುವೆಯೇ ನಡೆಯುವವರು. ಬಸ್ಸಿನ ಗೊರಗೊರ ಸದ್ದು ಎರಡು ತಿರುವು ಆಚೆಯಿಂದ ಕೇಳಿಸಿದರೆ ಪಕ್ಕಕ್ಕೆ ಸರಿಯುತ್ತಿದ್ದರು. ಸದ್ದೇ ಇಲ್ಲದ ಬಸ್ಸಿಗೆ ಸರಿಯುವುದು ಹೇಗೆ?

ನಾನು ಆಗ ಊರಿನ ಪ್ರೈಮರಿ ಶಾಲೆಯ ಟೀಚರು. ಅಪ್ಪ ಇರಲಿಲ್ಲ. ಮನೆಯಲ್ಲಿ ಅಮ್ಮ, ನಾನು, ತಂಗಿ. ತಂಗಿ ಹೊಸನಗರದ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದಳು. ನಮ್ಮೂರಿನ ಹೆಣ್ಣುಮಕ್ಕಳಲ್ಲಿ ಅಷ್ಟು ದೂರ ಹೋಗಿದ್ದವಳು ಅವಳೊಬ್ಬಳೇ. ಪಾಸಾದರೆ ನರ್ಸ್ ತರಬೇತಿಗೆ ಹೋಗುತ್ತೇನೆ ಎನ್ನುತ್ತಿದ್ದಳು. ಪಾಸಾಗದಿದ್ದರೆ ಏನು ಎಂಬುದನ್ನು ಸೋದರಮಾವ ಆಗಲೇ ನಿಶ್ಚಯ ಮಾಡಿಟ್ಟಿದ್ದ, ಸಾಗರದ ಕಡೆಯ ಒಂದು ಗಂಡನ್ನು ನೋಡಿಟ್ಟಿದ್ದ. ಅವಳ ಓದು ಪೂರ್ತಿ ಆ ಒಂದು ಬಸ್ಸಿನ ಮೇಲೆ ನಿಂತಿತ್ತು.

ಅವತ್ತು ನನಗೂ ಹೊಸನಗರದಲ್ಲಿ ಟೀಚರುಗಳ ಮೀಟಿಂಗು. ಅಕ್ಕತಂಗಿ ಇಬ್ಬರೂ ಡ್ರೈವರಿನ ಬೆನ್ನ ಹಿಂದಿನ ಸೀಟಿನಲ್ಲಿ ಕೂತಿದ್ದೆವು. ಇಳಿಜಾರಿನ ತಲೆಯಲ್ಲಿ ಎಂಜಿನ್ ಬಂದ್ ಮಾಡಿದ. ಒಂದು ಕೈಯಲ್ಲಿ ಬೀಡಿಗೆ ಬೆಂಕಿಪೊಟ್ಟಣ ಹುಡುಕುತ್ತಿದ್ದ. ಎರಡನೆಯ ತಿರುವಿನಲ್ಲಿ ನಮ್ಮ ಕೇರಿಯ ಹೆಂಗಸೊಬ್ಬಳು ಸೊಪ್ಪಿನ ಹೊರೆ ಹೊತ್ತು ಹೋಗುತ್ತಿದ್ದಳು. ಸೊಪ್ಪು ಭುಜದ ತನಕ ಇಳಿಬಿದ್ದಿತ್ತು, ಹಿಂದೆ ತಿರುಗಿ ನೋಡುವ ಹಾಗಿರಲಿಲ್ಲ. ಹಾರನ್ನಿಗೆ ಕೈ ಹೋಗುವಷ್ಟರಲ್ಲಿ ಬಸ್ಸಿನ ಮೂತಿ ಅವಳ ಸೊಂಟಕ್ಕೆ ಬಡಿದಿತ್ತು.

ಬಸ್ಸು ನಿಂತಿತು. ಡ್ರೈವರ್ ಇಳಿದ, ಅವಳನ್ನು ಮರದ ಬುಡಕ್ಕೆ ಎಳೆದು ಕೂರಿಸಿದ, ನೀರು ಕುಡಿಸಿದ. "ಎಂತ ಆಗಿಲ್ಲ, ಬರೀ ಗಾಬರಿ" ಎಂದ. ಅವಳು ಹಲ್ಲು ಕಚ್ಚಿಕೊಂಡು ನರಳುತ್ತಿದ್ದಳು. ಕಂಡಕ್ಟರ್ ಸೀಟಿ ಊದಿದ. ಒಬ್ಬನಿಗೆ ಸಾಗರದ ಕೋರ್ಟಿಗೆ ಹೊತ್ತಾಗುತ್ತಿತ್ತಂತೆ, ಇನ್ನೊಬ್ಬನಿಗೆ ಅಡಿಕೆ ಮಂಡಿಗೆ. ತುಂಬಿದ ಬಸ್ಸಿನಿಂದ ಇಳಿದವರು ನಾವಿಬ್ಬರೇ. ಗಾಡಿ ಹೂಡಿಸಿ ಅವಳನ್ನು ಮನೆಗೆ ಸಾಗಿಸಿದೆವು. ನಾಟಿ ವೈದ್ಯರು ಬಂದು ಕಟ್ಟು ಕಟ್ಟಿದರು. ಜೀವ ಉಳಿಯಿತು, ಆದರೆ ಅವಳು ಮತ್ತೆ ನೆಟ್ಟಗೆ ನಿಲ್ಲಲಿಲ್ಲ.

ಸಂಜೆ ಪಟೇಲರ ಜಗಲಿಯಲ್ಲಿ ಊರು ಸೇರಿತು. ಪೊಲೀಸಿಗೆ ಹೇಳಬೇಕು ಅಂದೆ. ಹೇಳಬಾರದ ಮಾತು ಹೇಳಿದವಳನ್ನು ನೋಡುವ ಹಾಗೆ ಎಲ್ಲ ನನ್ನನ್ನು ನೋಡಿದರು.

"ಟೀಚರಮ್ಮ, ಸ್ವಲ್ಪ ತಡ್ಕಳಿ" ಎಂದರು ಪಟೇಲರು. "ಪೊಲೀಸ್ನೋರು ಬಂದ್ರೆ ಬಸ್ಸು ಹಿಡ್ಕಂಡು ಹೋಗ್ತಾರೆ. ಆಮೇಲೆ ನಮ್ಮೂರಿಗೆ ಬಸ್ಸು ಯಾರು ಬಿಡ್ತಾರೆ? ನಿಮ್ಮ ತಂಗಿನೂ ಅದ್ರಲ್ಲೇ ಹೋಗೂದು, ಅಲ್ದಾ? ನಮಗೆ ಊರು ಕಾಯೂ ದೇವಿ ಚೌಡಿ ಇಲ್ವಾ? ಚೌಡಿಗೆ ದೂರು ಕೊಡಣ."

ಎಲ್ಲರ ಎದೆ ಹಗುರಾಯಿತು. ಚೌಡಿಗೆ ದೂರು ಕೊಟ್ಟರೆ ಸಾಕ್ಷಿ ಬೇಡ, ತೀರ್ಥಹಳ್ಳಿ ತನಕ ಹೋಗುವುದು ಬೇಡ, ಯಾರ ಮುಖವೂ ಕೆಡುವುದಿಲ್ಲ. ಮಂಗಳವಾರ ಚೌಡಿಬನದಲ್ಲಿ ಪೂಜೆ. ಡ್ರೈವರ್ ಮಿಂದು ಮಡಿಯುಟ್ಟು ಬಂದ, ತೆಂಗಿನಕಾಯಿ ತಂದ, ತಪ್ಪುಕಾಣಿಕೆಗೆ ಒಂದು ಹುಂಜ ತಂದ. ಪಾತ್ರಿಯ ಮೈಮೇಲೆ ಚೌಡಿ ಬಂದಳು. ಅಬ್ಬರಿಸಿದಳು. "ಇನ್ನು ಮೇಲೆ ಕುಡಿದು ಬಸ್ಸು ಓಡಿಸಲ್ಲ ಅಂತ ಆಣೆ ಹಾಕು!"

ಅವನು ತಟ್ಟನೆ ಹಾಕಿದ. ಯಾಕೆ ಹಾಕುವುದಿಲ್ಲ? ಅವನು ಹುಟ್ಟಿದಾಗಿನಿಂದ ಹೆಂಡ ಮುಟ್ಟಿದವನೇ ಅಲ್ಲ! ಅದು ಊರಿಗೆಲ್ಲ ಗೊತ್ತಿತ್ತು. ಆದರೂ ಡ್ರೈವರ್ ತಪ್ಪು ಮಾಡಿದ ಎಂದರೆ ಕುಡಿತವೇ ಎಂದು ಚೌಡಿಯೂ ಊರೂ ಸೇರಿ ತೀರ್ಮಾನ ಮಾಡಿದ್ದರು. ಎಂಜಿನ್ ಬಂದ್ ಮಾಡುವುದು ತಪ್ಪಿನ ಲೆಕ್ಕಕ್ಕೇ ಇರಲಿಲ್ಲ, ಅದು ಅವನ ಹೆಚ್ಚುಗಾರಿಕೆ. ನಾನು ಬಾಯಿ ತೆಗೆದೆ. ಹೆಂಗಸರು ಪಾತ್ರಿಯ ಎದುರು ಮಾತಾಡಬಾರದು ಎಂದು ಗದರಿಸಿ ಕೂರಿಸಿದರು. ಹುಂಜದ ಸಾರು ಊರೆಲ್ಲ ಉಂಡಿತು. ಡ್ರೈವರಿಗೆ ಎರಡು ಸಲ ಬಡಿಸಿದರು. ಸೊಂಟ ಮುರಿದವಳ ಮನೆಗೆ ಒಂದು ಕುಡಿಕೆಯಲ್ಲಿ ರಸ ಹೋಯಿತು. ನ್ಯಾಯ ಮುಗಿಯಿತಲ್ಲ!

ಮರುದಿನ ಬೆಳಿಗ್ಗೆ ಹಣೆಯಲ್ಲಿ ಚೌಡಿಯ ಕುಂಕುಮ ಇಟ್ಟುಕೊಂಡೇ ಅದೇ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿದನಂತೆ. ತಂಗಿ ಸಂಜೆ ಬಂದು ಹೇಳಿದಳು. ನನಗೆ ತಡೆಯಲಾಗಲಿಲ್ಲ, ತೀರ್ಥಹಳ್ಳಿಗೆ ಹೋಗಿ ಪೊಲೀಸಿಗೆ ಹೇಳಿಯೇ ಬರುತ್ತೇನೆ ಎಂದೆ. ಅಮ್ಮ ಅತ್ತಳು. "ನಾಳೆಯಿಂದ ಅವ ಬಸ್ಸು ನಿಲ್ಸದಿದ್ರೆ ಇವಳ ಪರೀಕ್ಷೆ ಗತಿ ಎಂತದೇ? ನಿನ್ನ ಬಾಯಿಗೆ ಇವಳ ಓದು ಬಲಿ ಹೋಗ್ಲಾ?" ಅಮ್ಮ ಹೇಳಿದ್ದು ಸುಳ್ಳಲ್ಲ. ಓದು ನನ್ನದಾಗಿದ್ದರೆ ಯೋಚನೆಯೇ ಬೇಡ, ಅದು ತಂಗಿಯದು. ಅವಳನ್ನೇ ಕೇಳಿದೆ.

"ನಾನೂ ನೋಡಿದ್ದೇನಲ್ಲ ಅಕ್ಕ" ಎಂದಳು. "ನೀ ಒಬ್ಬಳೇ ಹೇಳಿದ್ರೆ ಟೀಚರಮ್ಮನಿಗೆ ಮೂಗಿನ ಮೇಲೆ ಸಿಟ್ಟು ಅಂತಾರೆ. ನಾನೂ ಬತ್ತೀನಿ."

ಇನ್ನು ಕೇಳಿ ನಮ್ಮೂರಿನ ಚಂದ. ಅವನ ಮೇಲೆ ದೂರು ಕೊಡಲು ತೀರ್ಥಹಳ್ಳಿಗೆ ಹೋಗಬೇಕು, ಹೋಗಲು ಅವನ ಬಸ್ಸನ್ನೇ ಹತ್ತಬೇಕು. ಶನಿವಾರ ಸಂಜೆಯ ಬಸ್ಸಿಗೆ ಹತ್ತಿದೆವು. ರಾತ್ರಿಗೆ ಚಿಕ್ಕಮ್ಮನ ಮನೆ ಇತ್ತು. "ಎತ್ಲಾಗೆ ಟೀಚರಮ್ಮ?" ಎಂದ. "ಪೊಲೀಸ್ ಸ್ಟೇಷನ್ನಿಗೆ. ನಿಮ್ಮ ಮೇಲೆ ಹೇಳಕ್ಕೆ" ಎಂದೆ. ಬಸ್ಸಿಗೆ ಬಸ್ಸೇ ಗೊಳ್ಳೆಂದು ನಕ್ಕಿತು. ಅವನೂ ನಕ್ಕ. ತೀರ್ಥಹಳ್ಳಿಯಲ್ಲಿ ಸ್ಟ್ಯಾಂಡಿನ ತನಕ ಹೋಗದೆ ಸರಿಯಾಗಿ ಸ್ಟೇಷನ್ನಿನ ಎದುರೇ ನಿಲ್ಲಿಸಿ, "ಇಳೀರಿ, ನಡೆಯೂದ್ಯಾಕೆ" ಎಂದ. ಅಹಂಕಾರ ನೋಡಿ! ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು.

ದಫೇದಾರರು ಎಲೆಯಡಿಕೆ ಜಗಿಯುತ್ತಾ ಕೇಳಿಸಿಕೊಂಡರು. "ಸತ್ತೋರು ಯಾರು?" ಎಂದರು. ಯಾರೂ ಸತ್ತಿಲ್ಲ ಎಂದೆ. ಹಾಗಾದರೆ ಇಷ್ಟು ದೂರ ಬಂದದ್ದಾದರೂ ಯಾಕೆ ಎಂಬಂತೆ ಮುಖ ಮಾಡಿದರು. ನಾನು ಏಳಲಿಲ್ಲ. ತಂಗಿಯೂ ಏಳಲಿಲ್ಲ. ಕೊನೆಗೆ ನಮ್ಮ ಕಾಟ ತಡೆಯಲಾರದೆ ಬರೆದುಕೊಂಡರು.

ವಾರದೊಳಗೆ ವಿಚಾರಣೆಗೆ ಬಂದರು. ಯಾವುದರಲ್ಲಿ ಬಂದರು? ಅದೇ ಬಸ್ಸಿನಲ್ಲಿ, ಡ್ರೈವರಿನ ಪಕ್ಕದ ಸೀಟಿನಲ್ಲಿ. ಪಟೇಲರ ಜಗಲಿಯಲ್ಲಿ ಬಸ್ಸಿನಲ್ಲಿದ್ದವರನ್ನೆಲ್ಲ ಕರೆಸಿ ಕೇಳಿದರು. ಒಬ್ಬ ನಿದ್ದೆ ಹೋಗಿದ್ದನಂತೆ. ಇನ್ನೊಬ್ಬ ಆ ಕಡೆ ಕಿಟಕಿಯಲ್ಲಿ ಗದ್ದೆ ನೋಡುತ್ತಿದ್ದನಂತೆ. ಬೆಳಗಿನ ಬಸ್ಸಿನಲ್ಲಿ ಅಷ್ಟೂ ಗಂಡಸರಿಗೆ ಒಟ್ಟಿಗೆ ಜೊಂಪು ಹತ್ತಿತ್ತೇನೋ! ಕೊನೆಗೆ ದಫೇದಾರರು ಮಲಗಿದ್ದವಳ ಚಾಪೆಯ ಹತ್ತಿರ ಹೋಗಿ ಕೇಳಿದರು. ಅವಳು ನನ್ನ ಮುಖ ನೋಡಲಿಲ್ಲ.

"ನಾನೇ ಅಡ್ಡ ಹೋದೆ ಸ್ವಾಮಿ" ಎಂದಳು.

ದಫೇದಾರರು ಹೊರಗೆ ಹೋದ ಮೇಲೆ ನನ್ನ ಸೆರಗು ಹಿಡಿದಳು. "ಬೇಜಾರು ಮಾಡ್ಕಬೇಡಿ ಅಮ್ಮ. ಚೌಡಿ ಮುಂದೆ ಮುಗಿದದ್ದನ್ನ ಮತ್ತೆ ಪೊಲೀಸರ ಹತ್ರ ಎತ್ತಿದ್ರೆ ಅವಳು ಸುಮ್ನೆ ಬಿಡ್ತಾಳಾ? ಇರೂದು ಒಂದು ಸೊಂಟ. ಮಕ್ಕಳು ಬೇರೆ ಅದಾವೆ." ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳ ಮನೆಯ ಜಗಲಿಯಲ್ಲಿ ಹಲ್ಲು ಕಿರಿದುಕೊಂಡು ನಿಂತಿದ್ದವರ ಮೇಲೆ ಬಂತು.

ಮರುದಿನದಿಂದ ಬಸ್ಸು ನಮಗೆ ನಿಲ್ಲಲಿಲ್ಲ. ತಂಗಿ ಕೈ ಅಡ್ಡ ಹಿಡಿದರೂ ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ಒಳಗಿದ್ದ ನಮ್ಮೂರಿನವರು ಆಗ ಮಾತ್ರ ಎಚ್ಚರವಾಗಿದ್ದು ಬೇಕೆಂದೇ ಬೇರೆ ಕಡೆ ಮುಖ ತಿರುಗಿಸುತ್ತಿದ್ದರು. ಹೊಸನಗರದಲ್ಲಿ ಇಟ್ಟುಕೊಳ್ಳುವ ನೆಂಟರು ನಮಗಿರಲಿಲ್ಲ. ಕಾಡಿನ ಒಳದಾರಿಯಲ್ಲಿ ನಡೆದು ಹೋಗುತ್ತಿದ್ದಳು. ವಾರದಲ್ಲಿ ಮೂರು ದಿನ ಹೋದರೆ ಹೆಚ್ಚು.

ಉಳಿದ ಪರೀಕ್ಷೆಗಳಿಗೆ ತಂಗಿ ನಸುಕಿನಲ್ಲೇ ಹೊರಟು ನಡೆದೇ ಹೋಗಿದ್ದಳು. ಗಣಿತದ ಪರೀಕ್ಷೆಯ ದಿನ ಮಾತ್ರ ಅಮ್ಮನ ಮುಖ ನೋಡಲಾರದೆ ರಸ್ತೆಗೆ ಬಂದು ನಿಂತೆವು. ಬಸ್ಸು ನಿಂತಿತು! ಡ್ರೈವರ್ ತಲೆ ಹೊರಗೆ ಹಾಕಿ, "ಹತ್ತು ತಾಯಿ, ಪರೀಕ್ಷೆ ಅಂತಲ್ಲ. ನಾನೇನು ಮನುಷ್ಯ ಅಲ್ವಾ?" ಎಂದ. ಒಳಗಿದ್ದವರೆಲ್ಲ, ಎಂತಾ ದೊಡ್ಡ ಮನಸ್ಸು ಎಂದು ತಲೆದೂಗಿದರು. ತಂಗಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು.

"ಹತ್ತೀನಿ. ಇಳಿಜಾರಲ್ಲಿ ಎಂಜಿನ್ ಬಂದ್ ಮಾಡಲ್ಲ ಅಂತ ಚೌಡಿ ಮೇಲೆ ಆಣೆ ಹಾಕಿ."

ಕುಡಿಯುವುದಿಲ್ಲ ಎಂದು ತಟ್ಟನೆ ಆಣೆ ಹಾಕಿದ್ದ ಬಾಯಿ ಅದು. ಈಗ ಕಟ್ಟಿಹೋಯಿತು. ಒಂದು ಸಲ ಕಂಡಕ್ಟರನ ಕಡೆ ನೋಡಿದ, ಒಂದು ಸಲ ಸ್ಟೇರಿಂಗಿನ ಕಡೆ. ಮುಖ ಕೆಂಪಾಯಿತು. ಪೊಲೀಸರ ಹೆಸರು ಕೇಳಿ ನಕ್ಕವನಿಗೆ ಚೌಡಿಯ ಎದುರು ಸುಳ್ಳು ಹೇಳಲು ಧೈರ್ಯ ಬರಲಿಲ್ಲ. ತಪ್ಪು ಇದ್ದದ್ದು ಎಲ್ಲಿ ಎಂಬುದು ಅವತ್ತು ಪ್ರತಿಯೊಬ್ಬನಿಗೂ ತಿಳಿಯಿತು. ಆದರೂ ಒಬ್ಬನೂ ಇಳಿಯಲಿಲ್ಲ. ಮುಂದಿನ ಸೀಟಿನಿಂದ ಪಟೇಲರು, "ಹೊತ್ತಾಯ್ತು, ಹೊರಡಪ್ಪ" ಎಂದರು. ತಂಗಿ ಕಾಲು ಹಿಂದಕ್ಕೆ ತೆಗೆದಳು. ಬಸ್ಸು ಹೋಯಿತು.

ಓಡುತ್ತಾ ನಡೆಯುತ್ತಾ ಅವಳು ಹೊಸನಗರ ಮುಟ್ಟುವಾಗ ಪರೀಕ್ಷೆ ಅರ್ಧ ಆಗಿತ್ತು. ಗಣಿತ ಒಂದರಲ್ಲೇ ಫೇಲಾದಳು. ಹೆಣ್ಣಿಗೆ ಇಷ್ಟು ಜಂಬ ಆಗಬಾರದು ಎಂದಿತು ಊರು. ಇನ್ನೊಂದು ಸಲ ಕಟ್ಟಲಿ ಎಂದು ನಾನು ಹೊಡೆದಾಡಿದೆ. ಸೋದರಮಾವ ಕೇಳಲಿಲ್ಲ, ಅಮ್ಮನಿಗೂ ಹೆದರಿಕೆ. ಆ ಬೇಸಿಗೆಯಲ್ಲೇ ಮದುವೆ ಮಾಡಿ ಮುಗಿಸಿದರು.

ಮರುದಿನ ಬೆಳಿಗ್ಗೆ ದಿಬ್ಬಣ ಸಾಗರದ ಕಡೆ ಹೊರಟದ್ದು ಯಾವುದರಲ್ಲಿ ಎಂದು ಬೇರೆ ಹೇಳಬೇಕೇ? ಇದ್ದದ್ದು ಅದೊಂದೇ ಬಸ್ಸು. ಸೋದರಮಾವ ಡ್ರೈವರಿಗೆ ಶಾಲು ಹೊದೆಸಿದ. ಮದುಮಗಳೆಂದು ತಂಗಿಯನ್ನು ಮುಂದೆ ಕಿಟಕಿಯ ಬದಿಯಲ್ಲಿ ಕೂರಿಸಿದರು, ಪಕ್ಕದಲ್ಲಿ ಗಂಡ. ಒಡನಾಡಿಯಾಗಿ ನಾನು ಹಿಂದಿನ ಸೀಟಿನಲ್ಲಿದ್ದೆ. ಬಸ್ಸು ಊರು ದಾಟಿತು, ಇಳಿಜಾರಿನ ತಲೆಗೆ ಬಂತು. ಎಂಜಿನ್ ಬಂದ್ ಆಯಿತು.

ಬಸ್ಸಿನೊಳಗೆ ಬಳೆಗಳ ಸದ್ದು ಮಾತ್ರ ಕೇಳುತ್ತಿತ್ತು. ತಂಗಿ ಎದ್ದು ನಿಂತಳು. ಬಾಸಿಂಗ ಕಿಟಕಿಗೆ ತಾಗಿ ವಾಲಿತು. ಅರ್ಧ ಮೈ ಹೊರಗೆ ಹಾಕಿ, ಗಂಟಲು ಬಿರಿಯುವ ಹಾಗೆ ಕೂಗಿದಳು. "ದಾರಿ ಬಿಡ್ರೋ! ಬಸ್ಸು ಬಂತು, ದಾರಿ ಬಿಡ್ರೋ!"

ಗಂಡಿನ ಕಡೆಯ ಹಿರಿಯರು ಹೌಹಾರಿದರು. "ಹೆಣ್ಣಿಗೆ ಎಂತಾಯ್ತು? ಕೂರ್ಸಿ, ಕೂರ್ಸಿ!" ಸೋದರಮಾವ ಸೆರಗು ಹಿಡಿದು ಜಗ್ಗಿದ. ಅವಳು ಕೂರಲಿಲ್ಲ. ಮೊದಲ ತಿರುವು ಕಳೆಯಿತು, ಎರಡನೆಯದು ಕಳೆಯಿತು, ಕೂಗುತ್ತಲೇ ಇದ್ದಳು. ನಾನು ಇನ್ನೊಂದು ಬದಿಯ ಕಿಟಕಿಗೆ ಹೋಗಿ ಕೂಗಿದೆ. ಮೂರನೆಯ ತಿರುವಿನಲ್ಲಿ ಒಬ್ಬ ಜೋಡಿ ಎತ್ತು ಹೊಡೆದುಕೊಂಡು ರಸ್ತೆಯ ನಡುವೆ ಹೋಗುತ್ತಿದ್ದ. ಅವಳ ದನಿ ಕೇಳಿ ಬೆಚ್ಚಿ ಎತ್ತುಗಳನ್ನು ಚರಂಡಿಗೆ ನೂಕಿ ತಾನೂ ಹಾರಿದ. ಬಸ್ಸು ಅವನ ತಲೆಯ ಮೇಲಿನ ಮುಂಡಾಸು ಸವರಿಕೊಂಡು ಹೋಯಿತು. ಅವನು ಎದ್ದು ನಿಂತು ನಮ್ಮ ದಿಬ್ಬಣವನ್ನು, ನಮ್ಮ ಹೆತ್ತವರನ್ನು, ನಮ್ಮ ಊರನ್ನು ಬಾಯಿಗೆ ಬಂದ ಹಾಗೆ ಬೈದ. ತಂಗಿ ತಿರುಗಿ ಅವನು ನಿಂತಿದ್ದಾನೆ ಎಂಬುದನ್ನು ನೋಡಿಕೊಂಡು, ಮತ್ತೆ ಮುಂದಿನ ತಿರುವಿಗೆ ಕೂಗತೊಡಗಿದಳು.