ಇಪ್ಪತ್ತೊಂಬತ್ತು ಇಂಚಿನ ಚಕ್ರ, ಐದಡಿ ಮುಟ್ಟದ ರೇಣುಕಾ

2022ರ ಆರಂಭದಲ್ಲಿ ನಾನು ಹಲಸೂರು ಕೆರೆಯ ಹಿಂದಿನ ಗಲ್ಲಿಯೊಂದರಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದೆ. ಬೋರ್ಡಿನ ಮೇಲೆ ಪ್ರೊಪ್ರೈಟರ್ ಎಂದಿತ್ತು. ಮಾಡುತ್ತಿದ್ದದ್ದು ಫಿಟ್ಟರ್ ಕೆಲಸ. ಸವಾರರ ಕಾಲು, ತೋಳು, ಬೆನ್ನು ಅಳೆದು ಯಾರಿಗೆ ಯಾವ ಫ್ರೇಮ್, ಯಾವ ಚಕ್ರ ಒಗ್ಗುತ್ತದೆ ಎಂದು ಹೇಳುವುದು. ಮೊಣಕಾಲು ಜೋಡಿಸಿಕೊಂಡು ಕೂರಬೇಕೆಂದು ಕಲಿಸಿದ ಕಾನ್ವೆಂಟಿನ ಸಿಸ್ಟರ್‌ಗಳು, ತಮ್ಮ ವಿದ್ಯಾರ್ಥಿನಿ ಮುಂದೊಂದು ದಿನ ಕಂಡವರ ಕಾಲಿನ ಅಳತೆ ತೆಗೆದು ಬದುಕುತ್ತಾಳೆಂದು ಕನಸಿನಲ್ಲೂ ನೆನೆಸಿರಲಾರರು. ಗಂಡ ಹೋದ ಮೇಲೆ ಅಂಗಡಿ ನನ್ನ ಕೈಗೆ ಬಂತು. ಆ ವರ್ಷಕ್ಕೆ ನನಗೂ ಅರವತ್ತೆಂಟಾಗಿತ್ತು. ಷಟರ್ ಎತ್ತುವಾಗಲೇ ಅರ್ಧ ದಿನದ ಸುಸ್ತು.

ಆಗ ಅಂಗಡಿಗೆ ಬಂದವರದೆಲ್ಲ ಒಂದೇ ಪ್ರಶ್ನೆ: "ಆಂಟಿ, ಟ್ವೆಂಟಿನೈನರ್ ವರ್ತ್ ಇಟ್ಟಾ?" ಮೌಂಟನ್ ಬೈಕ್‌ಗಳ ಚಕ್ರ ಬಹಳ ಕಾಲ ಇಪ್ಪತ್ತಾರು ಇಂಚಿನದಾಗಿತ್ತು. ಆಮೇಲೆ ಇಪ್ಪತ್ತೊಂಬತ್ತು ಬಂತು. ದೊಡ್ಡ ಚಕ್ರ ಗುಂಡಿಯೊಳಗೆ ಬೀಳುವುದಿಲ್ಲ, ಕಲ್ಲಿಗೆ ಡಿಕ್ಕಿ ಹೊಡೆಯುವ ಬದಲು ಅದನ್ನು ಹತ್ತಿ ದಾಟುತ್ತದೆ, ಹಿಡಿದ ವೇಗ ಬಿಡುವುದಿಲ್ಲ. ಇದು ಸುಳ್ಳಲ್ಲ. ಆದರೆ ಅದು ಭಾರ, ತಿರುವಿನಲ್ಲಿ ಮೊಂಡು, ಮತ್ತು ಫ್ರೇಮಿನಲ್ಲಿ ಜಾಗ ತಿನ್ನುತ್ತದೆ. ತಮಾಷೆಯೆಂದರೆ ನಮ್ಮ ಹಾಲಿನವರ ಕರಿ ಸೈಕಲ್ಲಿನ ರಿಮ್ಮು 635 ಮಿಲಿಮೀಟರ್. ಹೊಸ ಫ್ಯಾಷನ್ನಿನದು 622. ದೊಡ್ಡ ಚಕ್ರ ನಮಗೇನು ಹೊಸದಾಗಿರಲಿಲ್ಲ. ನಾನು ಸೈಕಲ್ ಕಲಿತದ್ದೂ ಅಪ್ಪನ ಅಂಥದ್ದೇ ಕರಿ ಸೈಕಲ್ಲಿನಲ್ಲಿ, ಒಳಪೆಡಲ್ ಹೊಡೆದು. ಸೀಟಿಗೆ ಏರಲಾಗದ ಮಕ್ಕಳೆಲ್ಲ ಫ್ರೇಮಿನ ತ್ರಿಕೋನದೊಳಗೆ ಒಂದು ಕಾಲು ತೂರಿಸಿ, ಸೊಂಟ ಓರೆ ಮಾಡಿಕೊಂಡು ತುಳಿಯುತ್ತಿದ್ದೆವು.

ರೇಣುಕಾ ಬಂದದ್ದು ಒಂದು ಶನಿವಾರ, ಅಪ್ಪ ಶರಣಪ್ಪನ ಜೊತೆ. ಯಾದಗಿರಿ ಕಡೆಯವರು, ರಾಮಮೂರ್ತಿ ನಗರದಲ್ಲಿ ಬಾಡಿಗೆಗೆ ಇದ್ದರು. ಶರಣಪ್ಪ ಸ್ಕೂಲ್ ವ್ಯಾನ್ ಓಡಿಸುತ್ತಿದ್ದ. ಹುಡುಗಿಗೆ ಇಪ್ಪತ್ತು ವರ್ಷ, ಎತ್ತರ ಐದಡಿಗೆ ಒಂದು ಇಂಚು ಕಡಿಮೆ. ಯಾರೋ ಬಳಸಿ ಬಿಟ್ಟ ಇಪ್ಪತ್ತಾರರ ಹಳೇ ಸೈಕಲ್ಲಿನಲ್ಲಿ ಜಿಲ್ಲಾ ಮಟ್ಟದ ರೇಸುಗಳನ್ನು ಗೆದ್ದಿದ್ದಳು. ಮೂರು ವಾರದಲ್ಲಿ ರಾಜ್ಯ ತಂಡದ ಆಯ್ಕೆ ಇತ್ತು. ತಂಡ ಸೇರಿದರೆ ಸ್ಪೋರ್ಟ್ಸ್ ಕೋಟಾದಲ್ಲಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದು, ಇಲ್ಲದಿದ್ದರೆ ಬೇಸಿಗೆಯಲ್ಲಿ ಮದುವೆ. ಇಷ್ಟನ್ನೂ ಅವಳೇ ಒಂದೇ ಉಸಿರಿಗೆ ಹೇಳಿದಳು. ಕೋಚ್ ಹೇಳಿದ್ದ ಮಾತನ್ನೂ ಹೇಳಿದಳು: "ಟ್ವೆಂಟಿನೈನ್ ಇಲ್ದೆ ಬಂದ್ರೆ ಧೂಳು ಕುಡೀತೀಯಾ."

ಶರಣಪ್ಪನ ಕಣ್ಣು ಆಗಲೇ ಗೋಡೆಯ ಮೇಲಿನ ದೊಡ್ಡ ಚಕ್ರದ ಮೇಲಿತ್ತು. "ಅದನ್ನ ಕೊಡ್ರಿ ಮೇಡಂ. ಹುಡುಗರಿಗೆ ಒಂದ್ ಅಳತಿ ದೊಡ್ಡದ ತಗೋಬೇಕು. ಬೆಳೀತಾರ."

"ಯಪ್ಪಾ, ಇಪ್ಪತ್ತ ತುಂಬ್ಯಾವ ನಂಗ. ಇನ್ನೇನ್ ಬೆಳೀಲಿ, ಅಡ್ಡಡ್ಡ?"

ನಾನು ನಕ್ಕೆ. ಆದರೆ ಆ ಮಾತನ್ನು ಆ ಅಂಗಡಿಯಲ್ಲಿ ನಾನು ಮೊದಲ ಸಲ ಕೇಳಿದ್ದಲ್ಲ. ನಮ್ಮಲ್ಲಿ ಯೂನಿಫಾರ್ಮ್ ಹೊಲಿಸಿದರೆ ಅಂಚು ಮಡಚಿ ಹೊಲಿಸುತ್ತೇವೆ, ಬೂಟಿನ ತುದಿಗೆ ಹತ್ತಿ ತುರುಕುತ್ತೇವೆ. ಸೈಕಲ್ಲೂ ಹಾಗೆಯೇ. ಮಗುವಿನ ಆಗಿನ ಅಳತೆಗೆ ಸರಿಯಾದದ್ದನ್ನು ಕೊಂಡ ತಂದೆತಾಯಿಯನ್ನು ನಾನು ಕಂಡದ್ದು ಕಡಿಮೆ.

ಇನ್ನೊಂದು ಪದ್ಧತಿ, ಟ್ರಯಲ್ಲಿನದು. ಗಿರಾಕಿ ಅಂಗಡಿಯಿಂದ ಗಲ್ಲಿಯ ಮೂಲೆಯ ಬೇಕರಿವರೆಗೆ ಒಂದು ರೌಂಡ್ ಹೋಗಿಬರುವುದು, "ಸೂಪರ್" ಎನ್ನುವುದು, ಕೊಳ್ಳುವುದು. ಸಮತಟ್ಟಾದ ಗಲ್ಲಿಯಲ್ಲಿ ದೊಡ್ಡ ಚಕ್ರ ಯಾವತ್ತೂ ಸೋಲುವುದಿಲ್ಲ. ರೇಣುಕಾ ಕೂಡ ಹಾಗೇ ಹೋಗಿಬಂದು ಹೊಳೆಯುವ ಮುಖದಲ್ಲಿ ಇಳಿದಳು. ಇಳಿದಳು ಅನ್ನುವುದಕ್ಕಿಂತ ಹಾರಿದಳು, ಕಾಲು ನೆಲ ಮುಟ್ಟುತ್ತಿರಲಿಲ್ಲ. ನನ್ನ ಮೆಕ್ಯಾನಿಕ್ ನಯಾಜ್, ಶಿವಾಜಿನಗರದವನು, ಬಾಯಿ ಸುಮ್ಮನಿರದ ಮನುಷ್ಯ, ಸ್ಪ್ಯಾನರ್ ಒರೆಸುತ್ತಾ ಅಂದ: "ಯಾ ಅಲ್ಲಾ, ಆನೆ ಮೇಲೆ ಇರುವೆ ಕೂತಂಗೈತೆ."

"ಇರುವೆನೇ ಆನೀ ಸೊಂಡಿಲದಾಗ ಹೊಕ್ಕೋತದ, ಅಣ್ಣಾ," ಅಂದಳು ರೇಣುಕಾ.

ಗಲ್ಲಿಯ ಟ್ರಯಲ್ ನಂಬಬೇಡಿ ಎಂದೆ. ಮರುದಿನ ಬೆಳಿಗ್ಗೆ ನಾಲ್ವರೂ ಶರಣಪ್ಪನ ವ್ಯಾನಿನಲ್ಲಿ ಎರಡು ಸೈಕಲ್ ಹಾಕಿಕೊಂಡು ಗರುಡಾಚಾರ್‌ಪಾಳ್ಯದ ಆಚೆ ಒಂದು ಖಾಲಿ ಜಾಗಕ್ಕೆ ಹೋದೆವು. ಹಿಂದೆ ಕಲ್ಲುಕ್ವಾರಿ ಇದ್ದ ಜಾಗ. ಇಳಿಜಾರು, ಜಲ್ಲಿ, ಲಂಟಾನದ ನಡುವೆ ಮೇಕೆ ಓಡಾಡಿ ಆದ ಅಂಕುಡೊಂಕು ದಾರಿ. ಆಯ್ಕೆಯ ಗುಡ್ಡವೂ ಹೀಗೇ ಇರುತ್ತದೆ, ಹೆಚ್ಚಿನದು ತಿರುವುಗಳೇ ಎಂದಿದ್ದಳು ರೇಣುಕಾ.

ನೇರ ಇಳಿಜಾರಿನಲ್ಲಿ ದೊಡ್ಡ ಚಕ್ರ ಅದ್ಭುತ. ಹಳೆಯದು ಪ್ರತಿ ಗುಂಡಿಗೂ ತಲೆಬಾಗಿ ಬಂತು, ಹೊಸದು ಮೇಲಿಂದಲೇ ತೇಲಿ ಬಂತು. "ಕಲ್ಲು ಐತಂತನ ಗೊತ್ತಾಗಂಗಿಲ್ರಿ ಆಂಟಿ!" ಅಂದಳು ರೇಣುಕಾ. ಶರಣಪ್ಪ ನನ್ನನ್ನು ನೋಡಿದ, ಕೋರ್ಟಿನಲ್ಲಿ ಗೆದ್ದವನಂತೆ.

ಆಮೇಲೆ ತಿರುವು. ಹ್ಯಾಂಡಲ್ ತಿರುಗಿಸಿದ ಕೂಡಲೇ ಅವಳ ಕಾಲಿನ ತುದಿ ಮುಂದಿನ ಟಯರಿಗೆ ತಗುಲಿತು. ಸಣ್ಣ ಫ್ರೇಮಿಗೆ ದೊಡ್ಡ ಚಕ್ರ ಹಾಕಿದರೆ ಪೆಡಲಿಗೂ ಟಯರಿಗೂ ನಡುವೆ ಜಾಗವೇ ಉಳಿಯುವುದಿಲ್ಲ. ಇದನ್ನು ಟೋ ಓವರ್‌ಲ್ಯಾಪ್ ಅನ್ನುತ್ತೇವೆ. ಅವಳು ಲಂಟಾನದೊಳಗೆ ಬಿದ್ದಳು. ಎದ್ದು ಮತ್ತೆ ಹತ್ತಿದಳು, ಮತ್ತೆ ಅದೇ ತಿರುವಿನಲ್ಲಿ ಬಿದ್ದಳು. ಕಡಿದಾದ ಇಳಿತದಲ್ಲಿ ಬೆನ್ನು ಹಿಂದಕ್ಕೆ ಸರಿಸಬೇಕಲ್ಲ, ಅಲ್ಲಿ ಇನ್ನೊಂದು ಫಜೀತಿ. ನನ್ನ ಹತ್ತಿರ ಬಂದು ಮೆಲ್ಲಗೆ ಅಂದಳು, "ಆಂಟಿ, ಹಿಂದಿನ ಟಯರ್ ಹಿಂದ್ಕ ಹತ್ತತೈತ್ರಿ." ಚಡ್ಡಿಯ ಹಿಂಭಾಗ ಉಜ್ಜಿ ಹರಿದಿತ್ತು. ನಯಾಜ್ ಆಕಾಶ ನೋಡಿಕೊಂಡು ಶಿಳ್ಳೆ ಹಾಕತೊಡಗಿದ.

ನಡುವಿನ ಇಪ್ಪತ್ತೇಳೂವರೆ ಇಂಚಿನದು ಕೊಡೋಣವೆಂದರೆ, ಕೋವಿಡ್ ಆದ ಮೇಲೆ ಅವಳ ಅಳತೆಯ ಫ್ರೇಮ್ ಎಲ್ಲೂ ಇರಲಿಲ್ಲ. "ಹಳೇದೇ ಇರಲಿ," ಅಂದೆ. "ಅದರ ಚಕ್ರಗಳನ್ನ ಹೊಸದಾಗಿ ಕಟ್ಟಿಕೊಡ್ತೀನಿ. ಹಗುರ ಆಗತ್ತೆ."

ಶರಣಪ್ಪ ಹಳೇ ಸೈಕಲ್ಲನ್ನು ಎತ್ತಿ ವ್ಯಾನಿಗೆ ಹಾಕಿದ. ಆಮೇಲೆ ಕೇಳಿದ: "ಸಣ್ಣ ಮಂದಿಗೆ ಸಣ್ಣದ ಸಾಕು ಅಂತೀರೇನ್ರಿ ಮೇಡಂ?"

ಉತ್ತರ ನನ್ನಲ್ಲಿ ಬೇಕಾದಷ್ಟಿತ್ತು, ಎಲ್ಲ ಇಂಗ್ಲಿಷಿನಲ್ಲಿ. ಅದರಿಂದ ಅವನಿಗೇನು ಪ್ರಯೋಜನ? ರೇಣುಕಾಳೇ ಅಂದಳು: "ಯಪ್ಪಾ, ಬೀಳಾಕಿ ನಾ. ಆರಿಸಾಕಿನೂ ನಾನ."

ಚಕ್ರ ಕಟ್ಟುವುದು ಸುಲಭವಾಯಿತು. ಗಂಡನ ಇಪ್ಪತ್ತಾರರ ಸೈಕಲ್ಲು ಗೋಡೆಗೆ ನೇತುಬಿದ್ದು ವರ್ಷಗಳಾಗಿದ್ದವು. ಅದರ ರಿಮ್ಮು, ಹಬ್ಬು ಈಗಲೂ ಕನ್ನಡಿಯಂತಿದ್ದವು. ನಾನೇ ಇಳಿಸಿ ನಯಾಜನ ಕೈಗೆ ಕೊಟ್ಟೆ. ಟಯರು ಮಾತ್ರ ಬೆರಳು ಒತ್ತಿದರೆ ಬಿಸ್ಕೆಟ್ಟಿನಂತೆ ಬಿರಿಯಿತು. ಶಿವಾಜಿನಗರದಿಂದ ಟಿನ್ ಫ್ಯಾಕ್ಟರಿವರೆಗೆ ಇಪ್ಪತ್ತಾರರ ಒಳ್ಳೆಯ ರೇಸ್ ಟಯರಿಗಾಗಿ ಅಂಗಡಿ ಅಂಗಡಿ ಅಲೆದೆವು. ಎಲ್ಲ ಕಡೆ ಅದೇ ಮಾತು: "ಈಗ ಯಾರ್ ಮೇಡಂ ಅದನ್ನ ಓಡಿಸ್ತಾರೆ? ಟ್ವೆಂಟಿನೈನ್ ಹಾಕ್ಕೊಳ್ಳಿ." ವಾದದಲ್ಲಿ ಸೋತ ಚಕ್ರವಲ್ಲ ಅದು, ತಯಾರಿಸುವವರು ಬಿಟ್ಟುಬಿಟ್ಟಿದ್ದರು, ಅಷ್ಟೇ. ಕೊನೆಗೆ ನಯಾಜ್ ತನ್ನ ಮೊಹಲ್ಲಾದ ಮುದುಕರೊಬ್ಬರ ಅಟ್ಟದಿಂದ ಒಂದು ಜೊತೆ ತಂದ. ಬದಲಿಗೆ ಇನ್ನೊಂದಿರಲಿಲ್ಲ.

ಆಯ್ಕೆಯ ದಿನ ನಾನೂ ಗುಡ್ಡದ ಬುಡದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದೆ. ನೇರ ದಾರಿಯಲ್ಲಿ ಉದ್ದ ಕಾಲಿನ ಹುಡುಗಿಯರು ದೊಡ್ಡ ಚಕ್ರಗಳ ಮೇಲೆ ಅವಳನ್ನು ಬಿಟ್ಟು ಮುಂದೆ ಹೋದರು. ಕೋಚ್ ಹೇಳಿದಂತೆ ಅವಳು ಧೂಳು ಕುಡಿದಳು. ತಿರುವುಗಳಲ್ಲಿ ಒಬ್ಬೊಬ್ಬರನ್ನಾಗಿ ಹಿಡಿದಳು. ಆ ಜೋಡಿ ಟಯರು ಎಲ್ಲಿ ಸೀಳುತ್ತದೋ ಎಂದು ನಾನು ರೇಸನ್ನು ನೋಡಲೇ ಇಲ್ಲ, ಹಿಂದಿನ ಚಕ್ರವನ್ನಷ್ಟೇ ನೋಡುತ್ತಿದ್ದೆ. ತಂಡಕ್ಕೆ ತೆಗೆದುಕೊಂಡವರಲ್ಲಿ ಅವಳು ಕೊನೆಯವಳು. ಶರಣಪ್ಪ ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡ.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮಾತೇ ಗೆದ್ದಂತಾಗುತ್ತಿತ್ತು. ಆದರೆ ತಂಡದ ತರಬೇತಿ ಕ್ಯಾಂಪಿನಲ್ಲಿ ಎಲ್ಲರಿಗೂ ಒಂದೇ ಸೈಕಲ್, ಇಪ್ಪತ್ತೊಂಬತ್ತರದು. ಬಿಡಿಭಾಗ ಅದಕ್ಕೆ ಮಾತ್ರ ಇತ್ತು. ಅವಳನ್ನು ಯಾರೂ ಅಳೆಯಲಿಲ್ಲ. ಫೋನಿನಲ್ಲಿ "ಬೀಳಾಕತ್ತೀನಿ ಆಂಟಿ" ಎನ್ನುತ್ತಿದ್ದಳು, ಹವಾಮಾನ ವರದಿ ಹೇಳಿದ ಹಾಗೆ. ನಾನು ಹ್ಯಾಂಡಲ್ ತಗ್ಗಿಸುವುದು, ಸೀಟು ಮುಂದೆ ಸರಿಸುವುದು, ಗೊತ್ತಿದ್ದನ್ನೆಲ್ಲ ಹೇಳುತ್ತಿದ್ದೆ.

ಮಳೆಗಾಲದಲ್ಲಿ ಒಂದು ಸಂಜೆ ಅಪ್ಪ-ಮಗಳು ಮತ್ತೆ ಬಂದರು. ಕೆಲಸದ ಅರ್ಜಿ ಹಾಕಿಯಾಗಿತ್ತು, ಮದುವೆಯ ಮಾತು ನಿಂತಿತ್ತು. ಅವಳು ಕ್ಯಾಂಪಿನ ದೊಡ್ಡ ಸೈಕಲ್ಲನ್ನೇ ಓಡಿಸಿಕೊಂಡು ಬಂದಿದ್ದಳು. ನೀರಿನ ಟ್ಯಾಂಕರಿಗೂ ನಿಂತ ಆಟೋಗೂ ನಡುವಿನ ಒಂದು ಮಂಚದಷ್ಟು ಜಾಗದಲ್ಲಿ ಗಿರ್ರನೆ ತಿರುಗಿಸಿ ತೋರಿಸಿದಳು. ತಿರುವು ಬರುವ ಮೊದಲೇ ಪೆಡಲ್ ಅರ್ಧಕ್ಕೆ ನಿಲ್ಲಿಸಿ, ಕಾಲಿನ ತುದಿ ಒಳಕ್ಕೆ ಎಳೆದುಕೊಂಡು, ಸೊಂಟ ಓರೆ ಮಾಡಿ. ಆ ಓರೆ ಸೊಂಟ ನನಗೆ ಗೊತ್ತಿತ್ತು. ಅಪ್ಪನ ಕರಿ ಸೈಕಲ್ಲಿನಲ್ಲಿ ನಾವೆಲ್ಲ ಹೀಗೇ ಇದ್ದೆವು.

"ನಾ ಹೇಳಿದ್ನಿಲ್ರಿ ಮೇಡಂ," ಅಂದ ಶರಣಪ್ಪ, ನಗುತ್ತಾ. "ಬೆಳೀತಾಳ ಅಂತ."

ನಾನೂ ನಕ್ಕೆ. ಅವಳ ಗದ್ದದ ಮೇಲೆ ಹೊಸ ಹೊಲಿಗೆಯ ಗುರುತಿತ್ತು.

ಅಂಗಡಿ ಮುಚ್ಚಿ ಎರಡು ವರ್ಷವಾಯಿತು. ಈಗಲೂ ಯಾರಾದರೂ ದೊಡ್ಡ ಚಕ್ರ ವರ್ತ್ ಇಟ್ಟಾ ಎಂದು ಕೇಳಿದರೆ ಹೌದು ಅನ್ನುತ್ತೇನೆ. ಅದು ನಿಜವಾಗಿಯೂ ಚೆನ್ನಾಗಿ ಉರುಳುತ್ತದೆ. ಇಷ್ಟು ವರ್ಷ ಟೇಪ್ ಹಿಡಿದು ನಾನು ಕಲಿತದ್ದು ಬೇರೆ. ಚಕ್ರವನ್ನು ಮನುಷ್ಯರ ಅಳತೆಗೆ ತರುವುದು ನನ್ನ ಕೆಲಸ ಎಂದುಕೊಂಡಿದ್ದೆ. ಬಹುಪಾಲು ಸಲ ಮನುಷ್ಯರೇ ಚಕ್ರದ ಅಳತೆಗೆ ಬಂದರು, ಗಿಡ್ಡನೆಯವರು ಹೆಚ್ಚು ಬಿದ್ದು. ಅದಕ್ಕೇ ಈಗ ಹೌದು ಎಂದ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ: "ಓಡಿಸೋರು ಯಾರಮ್ಮಾ? ಸ್ವಲ್ಪ ಎದ್ದು ನಿಲ್ಲೋಕೆ ಹೇಳಿ, ನೋಡೋಣ."